ಗೂಡು ಸರಿಸಿದ ಸಂಜೆ

ತುಂಗಭದ್ರೆಯ ದಂಡೆಯ ಮೇಲೆ ನೀಲಮ್ಮನವರ ಆಶ್ರಮವಿತ್ತು. ಎರಡು ಕೋಣೆ, ಒಂದು ಬೇವಿನ ಮರ, ಮರದಿಂದ ಹೊಳೆಯ ತನಕ ಇಳಿಜಾರಾಗಿ ಹೋಗುವ ಸಣ್ಣ ಕಲ್ಲುಗಳ ಗರಸು ನೆಲ. ಅಷ್ಟೇ.

ಸಂಜೆ ಊರಿನ ಶಾಲೆ ಬಿಟ್ಟಿತೆಂದರೆ ಮಕ್ಕಳು ಓಡಿ ಬರುತ್ತಿದ್ದರು. ಚೀಲಗಳನ್ನು ಬೇವಿನ ಬುಡಕ್ಕೆ ಎಸೆದು ಹೊಳೆಯ ಕಡೆ ಹೋಗುತ್ತಿದ್ದರು. ನೀಲಮ್ಮ ಅವರ ಹಿಂದೆ ನಿಧಾನವಾಗಿ ನಡೆಯುತ್ತಿದ್ದರು. ಕತ್ತಲಾಗುವ ಮೊದಲು ಎಲ್ಲರೂ ಮನೆ ಸೇರುತ್ತಿದ್ದರು.

ಈ ಒಂದು ತಾಸಿಗೆ ಮಕ್ಕಳೇ ಹೆಸರಿಟ್ಟಿದ್ದರು: ಹೊಳಿ ಸಾಲಿ, ಹೊಳೆಯ ಶಾಲೆ.

ಆ ಸಾಲಿಗೆ ಒಬ್ಬ ಶಿಷ್ಯೆ ಬಂದಳು. ಹೆಸರು ವನಮಾಲಾ. ತುಮಕೂರಿನ ಕಡೆಯವಳು. ಪ್ರಾಣಿಶಾಸ್ತ್ರ ಓದಿದ್ದಳು, ಚೆನ್ನಾಗಿಯೇ ಓದಿದ್ದಳು.

"ಏನು ಕಲೀಲಿಕ್ಕೆ ಬಂದಿ?" ಎಂದರು ನೀಲಮ್ಮ.

"ಕಲಿಸೋದನ್ನ ಕಲಿಯೋಕೆ ಬಂದೆ ಅಮ್ಮ. ಮಕ್ಕಳಿಗೆ ಪ್ರಕೃತಿಯ ಬಗ್ಗೆ ಹೇಳಿಕೊಡಬೇಕು ಅಂತ ಬಹಳ ಆಸೆ."

"ಆಸೆ ಛಲೋದು. ಕೂಡು."

ವನಮಾಲಾ ಮಕ್ಕಳ ನಡುವೆ ಕೂತಳು. ಆದರೆ ಅವಳಿಗೆ ತಡೆಯಲಾಗಲಿಲ್ಲ.

"ಅಮ್ಮ, ಪ್ರಕೃತಿ ಅಂದರೆ ಏನು ಅಂತ ಮೊದಲು ಮಕ್ಕಳಿಗೆ ತಿಳಿಸಬೇಕಲ್ವಾ?"

ನೀಲಮ್ಮ ಅವಳ ಹೆಗಲನ್ನೇ ನೋಡಿದರು. "ನಿನ್ನ ಭುಜದ ಮ್ಯಾಲೆ ಏನೋ ಹೊಂಟೈತಿ ನೋಡು."

ವನಮಾಲಾ ತಿರುಗಿ ನೋಡಿದಳು. ಹಸಿರು ಬಣ್ಣದ ದಪ್ಪ ಹುಳುವೊಂದು ಬೆನ್ನು ಬಾಗಿಸಿ, ನೆಟ್ಟಗೆ ಮಾಡಿ, ಮತ್ತೆ ಬಾಗಿಸಿ ಅವಳ ಕೊರಳಿನ ಕಡೆಗೆ ನಡೆಯುತ್ತಿತ್ತು.

ಅವಳು ಕಿರುಚಿ ಎದ್ದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಹುಲಿಗೆಮ್ಮ ಎಂಬ ಹುಡುಗಿ ಎಲೆಯೊಂದನ್ನು ತಂದು ಹುಳುವನ್ನು ಅದರ ಮೇಲೆ ಹತ್ತಿಸಿಕೊಂಡಳು. ಮಕ್ಕಳೆಲ್ಲ ಆ ಎಲೆಯ ಸುತ್ತ ತಲೆಗೆ ತಲೆ ತಾಗಿಸಿ ಬಗ್ಗಿದರು.

"ತಿಳಿಸಿದ್ದಾತು," ಎಂದರು ನೀಲಮ್ಮ.

*

ಆಷಾಢದ ಮೊದಲ ವಾರ. ಊರಿನ ಶಾಲೆಯ ಹೆಡ್‌ಮಾಸ್ತರ್ ಪಂಪಾಪತಿಯವರು ಸೈಕಲ್ ಹತ್ತಿ ಆಶ್ರಮಕ್ಕೆ ಬಂದರು. ಒಳ್ಳೆಯ ಮನುಷ್ಯ. ಬಂದ ವಿಷಯ ಹೇಳಲು ಸಂಕೋಚಪಡುತ್ತಾ ಎರಡು ಲೋಟ ಮಜ್ಜಿಗೆ ಕುಡಿದರು.

"ಅಮ್ಮಾರೇ, ಊರಿಗೆ ಒಬ್ಬ ಟ್ಯೂಷನ್ ಮಾಸ್ತರ ಬಂದಾನ. ಶಾಲೆ ಬಿಟ್ಟ ಮೇಲೆ ಲೆಕ್ಕ, ಇಂಗ್ಲಿಷ್ ಹೇಳಿಕೊಡ್ತೀನಿ ಅಂತಾನ. ಅದೂ ಇದೇ ಹೊತ್ತಿಗೆ."

"ಹೇಳಿಕೊಡಲಿ."

"ಮಕ್ಕಳ ತಂದೆ ತಾಯಿ ನನ್ನ ಕೇಳಾಕತ್ತಾರ್ರೀ. ಹುಡುಗರು ಹೊಳಿ ದಂಡಿಗೆ ಹೋಗಿ ಅರಿವಿ ಕೆಸರು ಮಾಡಿಕೊಂಡು ಬರ್ತಾವ, ಅಲ್ಲಿ ಕಲಿಯೋದರ ಏನು ಅಂತ. ಹುಲಿಗೆಮ್ಮನ ಅಪ್ಪ ಈರಣ್ಣ ಅಂತೂ ನನ್ನ ಬಾಗಿಲಿಗೇ ಬಂದಿದ್ದ."

"ಹೌದಲ್ಲ, ಕೇಳಬೇಕಾದ ಮಾತೇ."

"ಶನಿವಾರ ನಾನು ಈರಣ್ಣನ್ನ, ಇನ್ನೊಂದಿಷ್ಟು ಮಂದೀನ ಕರಕೊಂಡು ಬರ್ತೀನಿ. ಮಕ್ಕಳು ಏನು ಕಲ್ತಾರ ಅಂತ ಸ್ವಲ್ಪ ತೋರಿಸಿಬಿಡ್ರಿ. ಅವರಿಗೆ ಸಮಾಧಾನ ಆದ್ರ ನಡೀಲಿ. ಇಲ್ಲಾಂದ್ರ..." ಅವರು ಮಾತು ಮುಗಿಸಲಿಲ್ಲ. ಮೂರನೆಯ ಲೋಟ ಮಜ್ಜಿಗೆಯನ್ನೂ ಬೇಡವೆನ್ನಲಿಲ್ಲ.

"ಬರ್ರಿ," ಎಂದರು ನೀಲಮ್ಮ.

ಸೈಕಲ್ ಮರೆಯಾಗುವುದೇ ತಡ, ವನಮಾಲಾ ಚಡಪಡಿಸಿದಳು.

"ಅಮ್ಮ! ಏನು ತೋರಿಸೋದು? ಇಲ್ಲಿ ಪಾಠ ಅಂತ ಒಂದೂ ಆಗಿಲ್ಲ. ಬರೀ ಓಡಾಟ!"

"ಹಾಂಗಾದ್ರ ನೀ ಮಾಡು."

"ನಾನಾ?"

"ಕಲಿಸೋದನ್ನ ಕಲೀಲಿಕ್ಕೆ ಬಂದಿಯಲ್ಲ?"

ಆ ರಾತ್ರಿ ಖುಷಿಯಿಂದ ವನಮಾಲಾಗೆ ನಿದ್ದೆಯೇ ಬರಲಿಲ್ಲ.

*

ಮರುದಿನದಿಂದ ಬೇವಿನ ಮರದ ಕೆಳಗೆ ಪಾಠ ಶುರುವಾಯಿತು.

ಹೊಳೆಯ ಹಕ್ಕಿಗಳ ಹೆಸರು. ದಂಡೆಯ ಗಿಡಗಳ ಹೆಸರು. ಮೊಟ್ಟೆ ಇಡುವವು ಯಾವು, ಮರಿ ಹಾಕುವವು ಯಾವು. ವನಮಾಲಾ ಹೇಳಿದಳು, ಮಕ್ಕಳು ಕೂಗಿದರು.

"ನೀರುಕಾಗೆ!"

"ನೀರುಕಾಗೆ!"

"ಮಿಂಚುಳ್ಳಿ!"

"ಮಿಂಚುಳ್ಳಿ!"

"ಟಿಟ್ಟಿಭ!"

"ಟಿಟ್ಟಿಬ!"

"ಭ! ಭ! ಒತ್ತಿ ಹೇಳಿ."

ಮಕ್ಕಳು ಒತ್ತಿ ಹೇಳಿದರು. ಹುಲಿಗೆಮ್ಮ ಮಾತ್ರ ಹೊಳೆಯ ಕಡೆಗೇ ಕತ್ತು ಹೊರಳಿಸುತ್ತಿದ್ದಳು.

"ಹುಲಿಗೆಮ್ಮ, ಇಲ್ಲಿ ನೋಡು. ಮೂರು ನೀರುಹಕ್ಕಿಗಳ ಹೆಸರು ಹೇಳು."

ಹುಲಿಗೆಮ್ಮ ಎದ್ದು ನಿಂತಳು. ತುಟಿ ಕಚ್ಚಿದಳು. ಆಮೇಲೆ ಕೆಳಗೆ ನೋಡಿದಳು.

ಮಕ್ಕಳ ಸಂಖ್ಯೆ ದಿನದಿಂದ ದಿನಕ್ಕೆ ಇಳಿಯಿತು. ಒಬ್ಬನಿಗೆ ಹೊಟ್ಟೆನೋವು. ಇನ್ನೊಬ್ಬಳಿಗೆ ಅಜ್ಜಿ ಮನೆಗೆ ಹೋಗಬೇಕಿತ್ತು. ಕೊಟ್ರೇಶ ಎಂಬ ಹುಡುಗ ಸತ್ಯವನ್ನೇ ಹೇಳಿದ: "ಅಕ್ಕೋರ, ಇದೂ ಊರ ಸಾಲಿ ಇದ್ದಂಗ ಐತ್ರಿ."

ನೀಲಮ್ಮ ಪ್ರತಿದಿನವೂ ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಕೂತಿರುತ್ತಿದ್ದರು. ಅವರೂ ಹೆಸರುಗಳನ್ನು ಕೂಗುತ್ತಿದ್ದರು.

ಶುಕ್ರವಾರ ಪಾಠ ಮುಗಿದ ಮೇಲೆ ವನಮಾಲಾ ಅವರ ಹತ್ತಿರ ಬಂದಳು. ಅವಳ ಮುಖ ಬಾಡಿತ್ತು.

"ಪಾಠ ಹೇಗಿತ್ತಮ್ಮ? ನಿಜ ಹೇಳಿ."

ನೀಲಮ್ಮ ಮೊಣಕೈ ತುರಿಸಿಕೊಂಡರು. "ಸೊಳ್ಳಿ ಬಹಳ ಅದಾವ."

"ಸೊಳ್ಳೆ ಈ ದಂಡೆಯಲ್ಲಿ ಯಾವಾಗಲೂ ಇದ್ದೇ ಇದೆಯಲ್ಲಮ್ಮ."

"ಹೌದ? ನನಗ ಈ ವಾರ ಗೊತ್ತಾತು."

*

ಶನಿವಾರ ಮಧ್ಯಾಹ್ನ ವನಮಾಲಾ ಅಂಗಳ ಗುಡಿಸಿ ನೀರು ಚಿಮುಕಿಸಿದಳು. ಬರುವವರಿಗೆ ಚಾಪೆ ಹಾಸಿದಳು. ಮಕ್ಕಳು ಯಾವ ಸಾಲಿನಲ್ಲಿ ನಿಲ್ಲಬೇಕು, ಯಾರು ಮೊದಲು ಹೇಳಬೇಕು ಎಂದು ಮತ್ತೆ ಮತ್ತೆ ಮನಸ್ಸಿನಲ್ಲೇ ಜೋಡಿಸಿಕೊಂಡಳು. ಮೇಲ್ಗಡೆ ಎಲ್ಲೋ ಜೋರು ಮಳೆಯಾಗಿತ್ತು. ಇಲ್ಲಿ ಬಿಸಿಲು.

ಆಗ ಊರ ಕಡೆಯಿಂದ ಮೈಕಿನ ದನಿ ಕೇಳಿತು. ಆಟೋದಲ್ಲಿ ಯಾರೋ ಕೂಗಿ ಹೇಳುತ್ತಾ ಹೋಗುತ್ತಿದ್ದರು. ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ದಂಡೆಯಲ್ಲಿ ಯಾರೂ ಬಟ್ಟೆ ಒಗೆಯಬೇಡಿ, ದನ ಇಳಿಸಬೇಡಿ.

ಅದರ ಹಿಂದೆಯೇ ಕೊಟ್ರೇಶ ಏದುಸಿರು ಬಿಡುತ್ತಾ ಓಡಿ ಬಂದ. ಅವನ ಹಿಂದೆ ಹುಲಿಗೆಮ್ಮ. ಅವರ ಹಿಂದೆ ಪಾಠ ಬಿಟ್ಟು ಹೋಗಿದ್ದ ಮಕ್ಕಳೆಲ್ಲ.

"ಅಮ್ಮಾರ! ಹೊಳಿ ಏರಾಕತ್ತೈತ್ರೀ!"

"ಏರಲಿ. ನಾವು ಮ್ಯಾಲೆ ಅದೀವಿ."

"ಗೂಡು ಕೆಳಗ ಐತ್ರೀ!" ಹುಲಿಗೆಮ್ಮ ಹೊಳೆಯ ಕಡೆ ಕೈ ತೋರಿದಳು.

"ಯಾವ ಗೂಡು?" ಎಂದಳು ವನಮಾಲಾ.

ಎಲ್ಲರೂ ಒಟ್ಟಿಗೆ ಹೇಳಿದರು. ಕೆಳಗೆ ನೀರಿನ ಹತ್ತಿರ, ಬರೀ ನೆಲದ ಮೇಲೆ, ನಾಲ್ಕು ಮೊಟ್ಟೆ. ಉದ್ದ ಹಳದಿ ಕಾಲಿನ ಹಕ್ಕಿ. ಹತ್ತಿರ ಹೋದರೆ ಬಡಕೊಳ್ಳುವ ಹಕ್ಕಿ. ಹುಲಿಗೆಮ್ಮ ಪಾಠದ ಹೊತ್ತಿನಲ್ಲಿ ಕತ್ತು ಹೊರಳಿಸಿ ನೋಡುತ್ತಿದ್ದದ್ದು ಅದನ್ನೇ.

"ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ರಿ ಅಕ್ಕೋರ."

ನೀಲಮ್ಮ ಆಗಲೇ ಎದ್ದು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

"ಅಮ್ಮ, ಹೆಡ್‌ಮಾಸ್ತರರು ಇನ್ನೇನು ಬಂದುಬಿಡ್ತಾರೆ!"

"ಹೊಳಿ ಬಂದಾತಲ್ಲ," ಎಂದರು ನೀಲಮ್ಮ. ಇಳಿಜಾರಿನಲ್ಲಿ ಮುಂದೆ ನಡೆದರು.

*

ಇಳಿಜಾರಿನ ನಡುಮಧ್ಯದಲ್ಲಿ ಆನೆಯಷ್ಟು ದೊಡ್ಡ ಗುಂಡುಕಲ್ಲೊಂದಿತ್ತು. ನೀಲಮ್ಮ ಅಲ್ಲಿ ನಿಂತು ಮಕ್ಕಳ ಕಡೆ ತಿರುಗಿದರು. ಅವರ ದನಿ ಯಾವತ್ತಿನಂತಿರಲಿಲ್ಲ.

"ಈ ಕಲ್ಲು ದಾಟಿ ಒಬ್ಬರೂ ಕೆಳಗ ಇಳಿಯಂಗಿಲ್ಲ. ಇಳಿದವರಿಗೆ ನಾಳೆಯಿಂದ ಹೊಳಿ ಸಾಲಿ ಇಲ್ಲ. ತಿಳೀತೇನು?"

"ತಿಳೀತ್ರೀ!"

"ಹುಲಿಗಿ, ನೀ ಹಕ್ಕಿ ನೋಡು. ಕೊಟ್ರ್ಯಾ, ನೀ ನೀರು ನೋಡು. ಉಳಿದವರು ಹೊಟ್ಟಿ ಮ್ಯಾಲೆ ಮಲಗ್ರಿ. ಅಲುಗಾಡಬ್ಯಾಡ್ರಿ."

ವನಮಾಲಾ ಕೆಳಗೆ ನೋಡಿದಳು. ಹೊಳೆ ಕೆಂಪಗೆ ತುಂಬಿ ಬರುತ್ತಿತ್ತು. ನೊರೆ, ಕಸ, ಮುರಿದ ಕೊಂಬೆ. ಅಬ್ಬರವಿರಲಿಲ್ಲ. ಒಂದು ಕಲ್ಲನ್ನು ನೆಕ್ಕುತ್ತಿತ್ತು, ನುಂಗುತ್ತಿತ್ತು, ಮುಂದಿನ ಕಲ್ಲಿಗೆ ಬರುತ್ತಿತ್ತು.

ನೀರಿನಿಂದ ನಾಲ್ಕು ಮಾರು ಮೇಲೆ ಹಕ್ಕಿ ಕೂತಿತ್ತು. ಇನ್ನೊಂದು, ಅದರ ಜೋಡಿ, ಪಕ್ಕದಲ್ಲೇ ನಿಂತು ಗಂಟಲು ಹರಿಯುವಂತೆ ಕೂಗುತ್ತಿತ್ತು.

"ಟಿಟ್ಟಿಭ," ಎಂದಳು ವನಮಾಲಾ. ಪುಸ್ತಕಗಳಲ್ಲಿ ಎಷ್ಟೋ ಸಲ ನೋಡಿದ್ದಳು. ಅದರ ಕಣ್ಣಿನ ಮುಂದಿನ ಕೆಂಪು ತೊಗಲು ಇಷ್ಟು ಕೆಂಪಗಿರುತ್ತದೆ ಎಂದು ತಿಳಿದಿರಲಿಲ್ಲ.

ಅವಳಿಗೆ ಒಂದೇ ಯೋಚನೆ: ಮೊಟ್ಟೆ ಉಳಿಯಬೇಕು. ಅವಳು ನೀಲಮ್ಮನವರಿಗೂ ಕಾಯಲಿಲ್ಲ. ಸರಸರನೆ ಇಳಿದಳು. ಹಕ್ಕಿ ಚಂಗನೆ ಎದ್ದಿತು. ಎರಡೂ ಅವಳ ತಲೆಯ ಮೇಲೆ ಎರಗಿ ಎರಗಿ ಹಾರಿದವು. ಅವಳು ಒಂದು ಕೈ ತಲೆಯ ಮೇಲಿಟ್ಟುಕೊಂಡು ಬಗ್ಗಿದಳು. ಬೆಣಚುಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆಗಳು, ಚೂಪು ತುದಿ ಒಳಗೆ ಮಾಡಿಕೊಂಡು ಮಲಗಿದ್ದವು.

ಬೆಚ್ಚಗಿದ್ದವು.

ಅವಳು ಅವನ್ನು ದುಪಟ್ಟಾದಲ್ಲಿ ಹಾಕಿಕೊಂಡಳು. ಒಂದೇ ಉಸಿರಿಗೆ ಗುಂಡುಕಲ್ಲಿನ ತನಕ ಹತ್ತಿ ಬಂದು, ಅಲ್ಲಿ ಒಂದು ಕುಳಿ ತೋಡಿ, ಮೊಟ್ಟೆಗಳನ್ನು ಇಟ್ಟಳು.

"ಆಯ್ತು!" ಎಂದಳು. "ಇನ್ನು ನೀರು ಮುಟ್ಟೋಲ್ಲ!"

ಮಕ್ಕಳು ಕುಣಿದರು. ನೀಲಮ್ಮ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಹಿಂದೆ ಸರಿಸಿದರು. ಎಲ್ಲರೂ ಬಹಳ ಹಿಂದೆ ಬಂದು ಮಲಗಿದರು, ಕಾದರು.

ಹಕ್ಕಿಗಳು ಕೂಗು ನಿಲ್ಲಿಸಿದವು. ಹೆಣ್ಣು ಹಕ್ಕಿ ಕೆಳಗಿಳಿಯಿತು. ಓಡಿತು, ನಿಂತಿತು, ಓಡಿತು.

ಮೊದಲಿನ ಜಾಗಕ್ಕೇ ಹೋಯಿತು. ಖಾಲಿ ಕುಳಿಯನ್ನು ಬಗ್ಗಿ ನೋಡಿತು. ಒಂದು ಕಲ್ಲನ್ನು ಕೊಕ್ಕಿನಿಂದ ಈ ಕಡೆಯಿಂದ ಆ ಕಡೆಗೆ ಇಟ್ಟಿತು. ಆಮೇಲೆ ಹೊಟ್ಟೆಯ ಪುಕ್ಕ ಕೆದರಿಕೊಂಡು, ಏನೂ ಇಲ್ಲದ ಆ ಜಾಗದ ಮೇಲೆ ಕೂತುಬಿಟ್ಟಿತು.

"ಅಕ್ಕೋರ," ಎಂದಳು ಹುಲಿಗೆಮ್ಮ. "ಅದರ ಕೆಳಗ ಏನೂ ಇಲ್ರೀ."

"ಮೇಲಿದೆ! ಇಲ್ಲಿದೆ ನೋಡು!" ವನಮಾಲಾ ಪಿಸುಮಾತಿನಲ್ಲೇ ಹಕ್ಕಿಗೆ ಕೂಗಿದಳು. "ಬಾ! ಸ್ವಲ್ಪ ಮೇಲೆ ನೋಡು!"

ಹಕ್ಕಿ ಅವಳ ಕಡೆ ನೋಡಲಿಲ್ಲ. ನೀರು ಇನ್ನೊಂದು ಕಲ್ಲನ್ನು ನುಂಗಿತು.

"ನೀರು ಮೂರು ಮಾರಿಗೆ ಬಂತ್ರೀ!" ಎಂದ ಕೊಟ್ರೇಶ.

ವನಮಾಲಾ ನೀಲಮ್ಮನವರ ಕೈ ಹಿಡಿದಳು. "ಏನು ಮಾಡಲಿ ಅಮ್ಮ? ಮೊಟ್ಟೆ ತಣ್ಣಗಾಗುತ್ತೆ. ಏನು ಮಾಡಲಿ?"

"ಹಿಂದಕ್ಕ ಒಯ್ದು ಇಡು."

"ಹಿಂದಕ್ಕಾ? ನೀರಿನ ಹತ್ತಿರಕ್ಕಾ?"

"ನೀರಿನ ಹತ್ತಿರ ಅಲ್ಲ," ಎಂದರು ನೀಲಮ್ಮ. "ಆಕಿ ಹತ್ತಿರ."

*

ವನಮಾಲಾ ಮೊಟ್ಟೆಗಳನ್ನು ಎತ್ತಿಕೊಂಡು ಕೆಳಗೆ ನಡೆದಳು. ಏರುತ್ತಿರುವ ಹೊಳೆಯ ಕಡೆಗೆ ಮೊಟ್ಟೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟಳು. ಈ ಸಲ ನೀಲಮ್ಮನೂ ಜೊತೆಗಿದ್ದರು.

"ಹಳೇ ಕುಣಿಯಿಂದ ಒಂದು ಹೆಜ್ಜಿ ಮ್ಯಾಲೆ. ಒಂದೇ ಹೆಜ್ಜಿ," ಎಂದರು. "ಅಲ್ಲಿಯ ಕಲ್ಲೂ ತಗೋ. ಆಕಿ ಮನಿ ಅಂದ್ರ ಬರೀ ಮೊಟ್ಟಿ ಅಲ್ಲ."

ಅವರು ಹೊಸ ಕುಳಿ ತೋಡಿದರು. ಹಳೆಯ ಬೆಣಚುಕಲ್ಲುಗಳನ್ನು ಅದರ ಸುತ್ತ ಹರಡಿದರು. ಮೊಟ್ಟೆಗಳನ್ನು ಚೂಪು ತುದಿ ಒಳಗಾಗುವಂತೆ ಇಟ್ಟರು. ಹಕ್ಕಿಗಳ ಬೈಗುಳ ತಲೆಯ ಮೇಲೆ ಸುರಿಯುತ್ತಲೇ ಇತ್ತು.

ಗುಂಡುಕಲ್ಲಿನ ಹಿಂದಕ್ಕೆ ಓಡಿ ಬಂದು ಮಲಗಿದರು.

ಹಕ್ಕಿ ಇಳಿಯಿತು. ಹಳೆಯ ಜಾಗಕ್ಕೆ ಹೋಯಿತು. ನಿಂತಿತು. ಕತ್ತು ಓರೆ ಮಾಡಿತು.

"ನೋಡಾಕತ್ತೈತಿ," ಎಂದಳು ಹುಲಿಗೆಮ್ಮ. "ನೋಡಾಕತ್ತೈತಿ. ಒಂದು ಹೆಜ್ಜಿ ಇಟ್ಟಿತು. ಮತ್ತ ನಿಂತಿತು. ಅಯ್ಯೋ, ಹೊಂಟಿತು. ಇಲ್ಲ, ಇಲ್ಲ, ತಿರುಗಿತು. ಹೊಟ್ಟಿ ಕೆದರಿತು..."

ಎಲ್ಲರೂ ಉಸಿರು ಬಿಗಿಹಿಡಿದರು.

"ಕುಂತೈತಿ!"

ಕೂಗಬಾರದು ಎಂದು ಎಲ್ಲರಿಗೂ ಗೊತ್ತಿತ್ತು. ಮಕ್ಕಳು ಬಾಯಿಯೊಳಗೆ ಮುಷ್ಟಿ ತುರುಕಿಕೊಂಡು ಕೂಗಿದರು. ವನಮಾಲಾ ಪಕ್ಕದಲ್ಲಿದ್ದ ಹುಡುಗಿಯನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

"ಮತ್ತೆ ಸರಿಸೋಣ್ವಾ?" ಎಂದಳು.

"ಆಕಿ ಕಣ್ಣು ಮುಚ್ಚಲಿ," ಎಂದರು ನೀಲಮ್ಮ.

"ನೀರು ಬರ್ತಾ ಇದೆಯಲ್ಲಮ್ಮ!"

"ಬರಲಿ. ಆಕಿಗೆ ಅದು ತನ್ನ ಮನಿ ಅನ್ನಸಲಿ. ಆಮ್ಯಾಲೆ."

ಹಕ್ಕಿಯ ರೆಪ್ಪೆ ಕೆಳಗಿನಿಂದ ಮೇಲಕ್ಕೆ ಮುಚ್ಚಿತು. ಹಾಗೆ ಮುಚ್ಚುತ್ತದೆ ಎಂಬುದನ್ನು ಮೊದಲು ಕಂಡವಳು ಹುಲಿಗೆಮ್ಮ. ಸದ್ದಿಲ್ಲದೆ ಬೆರಳು ಮಾಡಿ ಎಲ್ಲರಿಗೂ ತೋರಿಸಿದಳು.

"ಈಗ," ಎಂದರು ನೀಲಮ್ಮ.

*

ಹೆಡ್‌ಮಾಸ್ತರ್ ಪಂಪಾಪತಿಯವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಜೊತೆಗೆ ಈರಣ್ಣ, ಇನ್ನೂ ನಾಲ್ಕಾರು ತಂದೆ ತಾಯಂದಿರು. ಗುಡಿಸಿದ ಅಂಗಳದಲ್ಲಿ ಚಾಪೆ ಮಾತ್ರ ಇತ್ತು.

ಅವರು ಇಳಿಜಾರಿನತ್ತ ನೋಡಿದರು. ಊರಿನ ಮಕ್ಕಳೆಲ್ಲ ಅಲ್ಲಿ ಕವುಚಿ ಬಿದ್ದಿದ್ದರು.

"ಏನಾತೋ!" ಎಂದು ಈರಣ್ಣ ಓಡಿದ. "ಹುಲಿಗೀ!"

"ಶ್ಶ್!" ಇಡೀ ಸಾಲೇ ಅವನ ಕಡೆ ತಿರುಗಿತು.

"ಮಲಗಪ್ಪಾ, ಮಲಗು!" ಹುಲಿಗೆಮ್ಮ ಅಪ್ಪನ ಧೋತರದ ತುದಿ ಹಿಡಿದು ಎಳೆದಳು.

ವನಮಾಲಾ ತಿರುಗಿ ನೋಡಿ ಗಾಬರಿಯಾದಳು. ಅವಳ ಕೂದಲು ಕೆದರಿತ್ತು, ಮೈಯೆಲ್ಲ ಮರಳಾಗಿತ್ತು. "ಅಮ್ಮ, ಬಂದೇಬಿಟ್ರು. ಏನು ಹೇಳಲಿ?"

"ಕೂಡ್ರಿ ಅನ್ನು. ಹೊಟ್ಟಿ ಮ್ಯಾಲೆ."

ಅವಳು ಹಾಗೆಯೇ ಹೇಳಿದಳು. ಹೆಡ್‌ಮಾಸ್ತರರು ತಮ್ಮ ಅಂಗಿ ನೋಡಿಕೊಂಡರು, ಹೊಳೆ ನೋಡಿದರು, ಮಕ್ಕಳ ಮುಖ ನೋಡಿದರು. ಆಮೇಲೆ ಕನ್ನಡಕ ತೆಗೆದು ಜೇಬಿಗೆ ಹಾಕಿ ಗರಸಿನ ಮೇಲೆ ಮೈ ಚಾಚಿದರು. ಕಾಣಿಸಲಿಲ್ಲವೆಂದು ಮತ್ತೆ ಹಾಕಿಕೊಂಡರು.

"ಏನು ನಡದೈತಿ ಇಲ್ಲಿ?" ಎಂದು ಈರಣ್ಣ ಪಿಸುಗುಟ್ಟಿದ.

ಹುಲಿಗೆಮ್ಮ ಹೇಳಿದಳು. ನೀರು, ಗೂಡು, ಒಂದು ಹೆಜ್ಜೆ, ಕಾಯುವುದು, ಮತ್ತೆ ಒಂದು ಹೆಜ್ಜೆ. ತಡವರಿಸದೆ, ತುಟಿ ಕಚ್ಚದೆ ಹೇಳಿದಳು.

"ಇಷ್ಟೇನು?" ಎಂದ ಈರಣ್ಣ. "ನಾ ಹೋಗಿ ಎತ್ತಿಕೊಂಡು ಬರ್ತೀನಿ ತಡಿ." ಎದ್ದು ಎರಡು ಹೆಜ್ಜೆ ಹಾಕಿದ.

ಗಂಡು ಹಕ್ಕಿ ಎಲ್ಲಿತ್ತೋ. ನೇರವಾಗಿ ಅವನ ಮುಖಕ್ಕೇ ಎರಗಿ ಬಂತು. ಈರಣ್ಣನ ತಲೆಯ ಟವೆಲ್ ಹಾರಿ ಬಿತ್ತು. ಅವನೂ ಬಿದ್ದ. ಬಿದ್ದ ಮೇಲೆ ಮತ್ತೆ ಏಳಲಿಲ್ಲ, ಮಗಳ ಪಕ್ಕದಲ್ಲೇ ತೆವಳಿಕೊಂಡು ಬಂದು ಮಲಗಿದ.

"ಅಬ್ಬಾ," ಎಂದ. "ಏನು ಸಿಟ್ಟು!"

"ಅದೂ ಅಪ್ಪ ಐತಿ ಅಪ್ಪಾ," ಎಂದಳು ಹುಲಿಗೆಮ್ಮ.

*

ಒಂದು ಹೆಜ್ಜೆ. ಕಾಯುವುದು. ಒಂದು ಹೆಜ್ಜೆ. ಕಾಯುವುದು.

ಒಮ್ಮೆ ನೀರು ಗೂಡಿಗೆ ಗೇಣಿನಷ್ಟು ಹತ್ತಿರ ಬಂತು. ಹಕ್ಕಿ ಇನ್ನೂ ಕೂತಿರಲಿಲ್ಲ, ಸುತ್ತಲೂ ಓಡುತ್ತಿತ್ತು. ಹೆಡ್‌ಮಾಸ್ತರರು ತಮಗರಿವಿಲ್ಲದೆ ಕೊಟ್ರೇಶನ ತೋಳನ್ನು ಹಿಸುಕುತ್ತಿದ್ದರು. "ಕೂಡವ್ವಾ," ಎನ್ನುತ್ತಿದ್ದರು. "ಕೂಡು ತಾಯೀ, ಕೂಡು."

"ಕುಂತೈತಿ!"

ಇನ್ನೊಮ್ಮೆ ಹಕ್ಕಿ ಕೂತ ಕ್ಷಣವೇ ಎದ್ದಿತು. ಯಾರದೋ ಸೀನು. ಸೀನಿದ ಹುಡುಗ ಅಳುವ ಹಾಗಾದ. ವನಮಾಲಾ ಅವನ ಬೆನ್ನು ಸವರಿದಳು. ಎಲ್ಲರೂ ಮೊದಲಿನಿಂದ ಕಾದರು.

ಮೊದಮೊದಲು ಹಕ್ಕಿ ಎಷ್ಟೋ ಹೊತ್ತು ಅನುಮಾನಿಸುತ್ತಿತ್ತು. ಬರಬರುತ್ತಾ ಅದಕ್ಕೂ ರೂಢಿಯಾಯಿತು. ಅವರು ಬೆನ್ನು ತಿರುಗಿಸುವಷ್ಟರಲ್ಲಿ ಬಂದು ನಿಂತಿರುತ್ತಿತ್ತು. ಬೈಯುವುದನ್ನು ಮಾತ್ರ ಬಿಡಲಿಲ್ಲ.

ಗೂಡು ಹೀಗೆ ನಡೆಯುತ್ತಾ ನಡೆಯುತ್ತಾ ಗುಂಡುಕಲ್ಲಿನ ಮಟ್ಟಕ್ಕೆ ಬಂತು. ನೀಲಮ್ಮ ಕಲ್ಲಿಗೆ ಬೆನ್ನು ಕೊಟ್ಟು ಕುಸಿದು ಕೂತರು. ಮೊಣಕಾಲು ಒತ್ತಿಕೊಂಡರು.

"ನನ್ನ ಕಾಲಿನ ಕೆಲಸ ಮುಗೀತು. ಇಲ್ಲಿಂದ ಮ್ಯಾಲೆ ನಿಮ್ಮದು."

"ನಮ್ಮದಾ?" ಮಕ್ಕಳ ಕಣ್ಣು ಅಗಲವಾದವು.

"ವನಮಾಲಾ, ನೀ ಜೊತಿಗಿರು. ಕೈ ಅವರದಿರಲಿ."

ಹುಲಿಗೆಮ್ಮ ಮೊಟ್ಟೆ ಎತ್ತಿದಳು. ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು. ಹಾಗೇ ನಿಂತುಬಿಟ್ಟಳು.

"ಅಕ್ಕೋರ!"

"ಏನು?"

"ಒಳಗ ಏನೋ ಕುಟ್ಟಾಕತ್ತೈತ್ರೀ!"

ವನಮಾಲಾ ಬಗ್ಗಿ ಕಿವಿಯಿಟ್ಟಳು. ತಲೆಯ ಮೇಲೆ ಎರಡು ಹಕ್ಕಿ ಚೀರುತ್ತಿದ್ದವು, ಪಕ್ಕದಲ್ಲಿ ಹೊಳೆ ಭೋರೆನ್ನುತ್ತಿತ್ತು. ಆದರೂ ಕೇಳಿತು. ಉಗುರಿನಿಂದ ಬಾಗಿಲು ತಟ್ಟಿದಷ್ಟು ಸಣ್ಣ ಸದ್ದು. ನಡುವೆ ಒಂದು ಕಿರುದನಿ: ಪೀ.

ಅವಳ ಕಣ್ಣು ತುಂಬಿ ಬಂದವು.

"ಮರಿ," ಎಂದಳು. "ಹೊರಗೆ ಬರೋಕೆ ಹೊರಟಿದೆ. ನಾಳೆಯೋ, ನಾಡಿದ್ದೋ. ಇಡು ಹುಲಿಗೆಮ್ಮ, ಮೆಲ್ಲಗೆ ಇಡು. ಅಮ್ಮನಿಗೂ ಅದು ಕೇಳಿಸುತ್ತೆ."

ಈ ಸಲ ಹಕ್ಕಿ ಕತ್ತು ಓರೆ ಮಾಡಲಿಲ್ಲ. ನೇರ ನಡೆದು ಬಂದು ಕೂತಿತು.

*

ಹೊತ್ತು ಮುಳುಗುವ ಮೊದಲು ಹೊಳೆ ನಿಂತಿತು. ಗುಂಡುಕಲ್ಲಿನ ಬುಡ ಮುಟ್ಟಿ ಅಲ್ಲೇ ನಿಂತಿತು. ಕೊಟ್ರೇಶ ಒಂದು ಕಡ್ಡಿ ನೆಟ್ಟು ಅದನ್ನೇ ದಿಟ್ಟಿಸಿದ. ಕಡ್ಡಿ ಮುಳುಗಲಿಲ್ಲ.

"ನಿಂತೈತ್ರೀ!"

ಗೂಡು ಅದಕ್ಕಿಂತ ಬಹಳ ಮೇಲೆ, ಬೇವಿನ ನೆರಳು ಬೀಳುವ ಅಂಚಿನಲ್ಲಿತ್ತು. ಹಕ್ಕಿ ಕಣ್ಣು ಮುಚ್ಚಿತ್ತು. ಎಲ್ಲರೂ ತೆವಳಿ ತೆವಳಿ ಹಿಂದೆ ಸರಿದು ಆಶ್ರಮದ ಅಂಗಳಕ್ಕೆ ಬಂದರು. ಬಂದ ಮೇಲೆ, ಅಷ್ಟು ಹೊತ್ತು ನುಂಗಿದ ಕೂಗೆಲ್ಲ ಒಮ್ಮೆಗೇ ಹೊರಬಿತ್ತು. ಮಕ್ಕಳು ಕುಣಿದರು. ಈರಣ್ಣ ಟವೆಲ್ ಬೀಸಿದ.

ಹೆಡ್‌ಮಾಸ್ತರರು ಅಂಗಿಯ ಮರಳು ಕೊಡವಿಕೊಂಡರು. ಬಂದ ಕೆಲಸ ನೆನಪಾಯಿತು.

"ಅದು ಯಾವ ಹಕ್ಕಿ?" ಎಂದು ಮಕ್ಕಳನ್ನು ಕೇಳಿದರು.

"ಟಿಟ್ಟಿಭ!" ಎಲ್ಲರೂ ಒಟ್ಟಿಗೆ ಕೂಗಿದರು. ಹುಲಿಗೆಮ್ಮ ಎಲ್ಲರಿಗಿಂತ ಜೋರಾಗಿ, ಭಕಾರ ಒತ್ತಿ.

"ಯಾರು ಹೇಳಿಕೊಟ್ಟರು?"

"ವನಮಾಲಕ್ಕೋರು!"

ಅಷ್ಟರಲ್ಲಿ ಮಕ್ಕಳು ಅವಳನ್ನು ಮುತ್ತಿಕೊಂಡರು. ಮರಿಗೆ ಹಾಲು ಕೊಡ್ತೈತೇನ್ರೀ? ಇಲ್ಲ. ಮತ್ತೇನು ತಿಂತೈತಿ? ಹುಟ್ಟಿದ ದಿನವೇ ನಡೆದಾಡುತ್ತೆ, ತಾನೇ ಹುಳ ಹೆಕ್ಕುತ್ತೆ. ಹುಟ್ಟಿದ ದಿನಾನೇ? ಹೌದು! ನಾಯಿ ಬಂದ್ರ? ತಾಯಿ ಒಂದು ಕೂಗು ಹಾಕಿದರೆ ಮರಿ ಕಲ್ಲಿನ ಹಾಗೆ ಅಲ್ಲಾಡದೆ ಕೂರುತ್ತೆ, ಪಕ್ಕದಲ್ಲೇ ಹೋದರೂ ಕಾಣಿಸೋಲ್ಲ. ಮರದ ಮ್ಯಾಲೆ ಯಾಕ ಗೂಡು ಕಟ್ಟಂಗಿಲ್ಲ? ಅದರ ಕಾಲು ನೋಡಿದಿರಲ್ಲ, ಹಿಂದಿನ ಬೆರಳು ಎಷ್ಟು ಸಣ್ಣದು, ಕೊಂಬೆ ಹಿಡಿಯೋಕೆ ಆಗೋಲ್ಲ.

"ಹೌದು, ಹೌದು! ನಾ ನೋಡೀನಿ!" ಎಂದು ಹುಲಿಗೆಮ್ಮ ಜಿಗಿದಳು.

ಸೊಳ್ಳೆಗಳು ಗುಂಯ್‌ಗುಡುತ್ತಿದ್ದವು. ಒಬ್ಬರೂ ಕೈ ಎತ್ತಲಿಲ್ಲ.

ಈರಣ್ಣ ಇದನ್ನೆಲ್ಲ ನಿಂತು ನೋಡಿದ. ಹೆಡ್‌ಮಾಸ್ತರರ ಕಿವಿಯ ಹತ್ತಿರ ಬಂದು ಹೇಳಿದ, "ಸರ, ಆ ಟ್ಯೂಷನ್ ಮಾಸ್ತರಗ ಮುಂಜಾನೆ ಹೊತ್ತು ಬಾ ಅಂದ್ರ ಹ್ಯಾಂಗ?"

"ನಾನೂ ಅದನ್ನೇ ಅನ್ನಬೇಕಂತಿದ್ದೆ."

"ಮತ್ತ ನಾಳೆ ಭಾನುವಾರ. ಮರಿ ಹೊರಗ ಬರೋದು ನಾಳೆ ಆದ್ರ? ಸಾಲಿ ಇರಂಗಿಲ್ಲಲ್ಲ?"

ನೀಲಮ್ಮ ನಕ್ಕರು. "ಹಕ್ಕಿಗೆ ಭಾನುವಾರ ಇಲ್ಲಪ್ಪಾ. ಬರ್ರಿ."

*

ಮಕ್ಕಳು ಅಪ್ಪ ಅಮ್ಮಂದಿರ ಕೈ ಹಿಡಿದು ಊರ ಕಡೆ ಹೋದರು. ದಾರಿಯುದ್ದಕ್ಕೂ ಅವರ ಮಾತು ಕೇಳುತ್ತಿತ್ತು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು.

ವನಮಾಲಾ ಯಾರೂ ಕೂರದೇ ಹೋದ ಚಾಪೆಯನ್ನು ಸುತ್ತಿದಳು. ಅದನ್ನು ತೋಳಿನಲ್ಲಿ ಹಿಡಿದುಕೊಂಡೇ ನೀಲಮ್ಮನವರ ಮುಂದೆ ನಿಂತಳು. ಅವಳ ಮುಖದಲ್ಲಿ ಇನ್ನೂ ಸಂಭ್ರಮವಿತ್ತು. ಅದರ ಜೊತೆಗೇ ಬೇರೇನೋ ಇತ್ತು.

"ಅಮ್ಮ, ಇದೇ ಹಕ್ಕಿಯ ಹೆಸರನ್ನು ನಾನು ವಾರವೆಲ್ಲ ಹೇಳಿದೆ. ಆಗ ಒಬ್ಬರಿಗೂ ಬೇಕಾಗಿರಲಿಲ್ಲ. ಇವತ್ತು ಮಕ್ಕಳಿಂದ ಬಿಡಿಸಿಕೊಂಡು ಬರೋದೇ ಕಷ್ಟವಾಯ್ತು."

"ಹೂಂ."

"ನನ್ನ ಪಾಠ ಎಲ್ಲಿ ತಪ್ಪಾಗಿತ್ತು?"

ನೀಲಮ್ಮ ನೆಲಕ್ಕೆ ಕೈಯೂರಿ ಮೆಲ್ಲಗೆ ಎದ್ದರು. ಅವಳ ಕೂದಲಲ್ಲಿ ಸಿಕ್ಕಿಕೊಂಡಿದ್ದ ಮರಳನ್ನು ಕೊಡವಿದರು.

"ತಪ್ಪಾಗಿರಲಿಲ್ಲ ತಂಗಿ," ಎಂದರು. "ದೂರ ಇತ್ತು."